ಕರ್ತೃ ಎಲ್ಲಿ

ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು.
ಕನ್ನಡ ನನಗೆ ಸಿಕ್ಕಿದ್ದು ವೆಂಕಟರೋಣಪ್ಪ ಮೇಷ್ಟ್ರ ಕೈಯಿಂದ,
ಬೆತ್ತದ ಜೊತೆ.
"ಗಾಜು ಒಡೆಯಿತು" ಅಂತ ಬರೆದರೆ
ಕೆಂಪು ಇಂಕಿನಲ್ಲಿ ಕೇಳೋರು:
ತಾನಾಗೇ ಒಡೆದುಕೊಂಡಿತೇನು?
ಕರ್ತೃ ಎಲ್ಲಿ, ಷಮೀಮಾ?

ಮೂವತ್ತು ವರ್ಷ ಆಯ್ತು. ಶಿಡ್ಲಘಟ್ಟದ ಈ ಸಂದಿಯಲ್ಲಿ
ಎಂಟು ಬೇಸಿನ್ನಿನ ನೂಲು ಘಟಕ ನನ್ನದು.
ಗೂಡು ಬೆಂದ ನೀರು, ಸತ್ತ ಹುಳ, ಹಬೆ.
ಹೊಸ ನೆಂಟರು ಮೂಗು ಮುಚ್ಚಿಕೊಳ್ತಾರೆ,
ನಮಗದು ಅನ್ನದ ವಾಸನೆ.

ಯುಗಾದಿಗೆ ವಾರ ಇರುವಾಗ ಚರಂಡಿ ಉಕ್ಕಿ ಹೊಸ್ತಿಲಿಗೆ ಬಂತು.
ಪಿಳ್ಳಪ್ಪ ಅಂದ: ಚರಂಡಿ ಕಟ್ಟಿಕೊಂಡಿದೆ.
ಆಂಜಿನಮ್ಮ ಅಂದಳು: ನೀರು ನಿಂತುಬಿಟ್ಟಿದೆ.
ಕರೀಮುಲ್ಲಾ ಅರ್ಜಿ ಬರೆಸಿದ, ನಲವತ್ತೊಂದು ಸಹಿ,
ಅದರಲ್ಲಿ ಹನ್ನೊಂದು ಹೆಬ್ಬೆಟ್ಟು:
ಅವರು ಬಂದು ನೋಡಬೇಕು, ಅವರು ಸರಿ ಮಾಡಬೇಕು.
ವಾರ್ಡ್ ಮೆಂಬರು ದ್ಯಾವಪ್ಪ ಮೂಗಿಗೆ ಟವೆಲು ಹಿಡಿದು ಬಂದು
"ಮೇಲಿನವರಿಗೆ ಹೇಳಿದೀನಿ" ಅಂದ.
ಮೇಲಿನವರು ಅಂದರೆ ಯಾರೋ,
ಅವನ ಬೆರಳು ಮಾತ್ರ ಆಕಾಶದ ಕಡೆ ಇತ್ತು.
ಎಲ್ಲರೂ ಮನೆಗೆ ಹೋಗ್ತಾ ಉಸಿರುಬಿಟ್ಟರು:
ನಮ್ಮ ಕರ್ಮ.

ಮೇಷ್ಟ್ರೇ, ಆಗ ಹೊಳೀತು.
ಕರ್ತೃ ಓಡಿಹೋದ ವಾಕ್ಯದಲ್ಲಿ
ಕೊನೆಗೆ ಉಳಿಯೋದು ಕರ್ಮ ಒಂದೇ.

ಅಜಾನ್‌ಗೂ ಮೊದಲು ಎದ್ದು, ಹಾರೆ ಹಾಕಿ
ಒಂದು ಚಪ್ಪಡಿ ಮೀಟಿದೆ.
ಸಮಾಜಸೇವೆ ಅಂತ ತಿಳೀಬೇಡಿ,
ನೂಲಿನ ಕೋಣೆಗೆ ನೀರು ನುಗ್ಗೋಕೆ ನಾಲ್ಕು ಬೆರಳು ಬಾಕಿ ಇತ್ತು.
ಟಾರ್ಚ್ ಬಿಟ್ಟರೆ, ಹುಳ.
ಗಂಜಿಯ ಹಾಗೆ, ಮೊಣಕಾಲಾಳ ಹುಳ.
ಯಾರವು ಅಂತ ಅದರ ಮೇಲೆ ಬರೆದಿರಲ್ಲ.
ಆದರೆ ಇಳಿಜಾರಿನ ತಲೆಯ ಮೇಲಿರೋ ಮನೆ ನಂದು.
ಇಲ್ಲಿ ಸಿಕ್ಕಿದ್ದು ಬೇರೆಯವರದು ಅನ್ನಬೇಕಾದರೆ
ಹುಳ ಸತ್ತ ಮೇಲೆ ಏರಿ ಹತ್ತಿರಬೇಕು.
ದಿನಕ್ಕೆ ಎರಡು ಬಕೆಟ್. ಎಷ್ಟು ವರ್ಷ?
ಎಣಿಸೋಕೆ ಕೂತು ಎದ್ದುಬಿಟ್ಟೆ.

ಆರುನೂರ ನಲವತ್ತು ರೂಪಾಯಿಗೆ ತಂತಿ ಜರಡಿ ಹಾಕಿಸಿದೆ.
ಸೋಸಿ ಒಣಗಿಸಿದ ಹುಳವನ್ನು ಚಿಂತಾಮಣಿ ಕಡೆಯವನೊಬ್ಬ
ಮೀನಿನ ಮೇವಿಗೆ ಒಯ್ತಾನೆ, ಕೈಮೇಲೆ ಕಾಸಿಟ್ಟು.
ಜರಡಿಯ ದುಡ್ಡು ಹದಿನೇಳು ದಿನಕ್ಕೆ ವಾಪಸ್ಸು.
"ಬೀದಿಗೆ ಉಪಕಾರ ಮಾಡಿದೆ ತಾಯಿ" ಅಂದರು ಕೆಲವರು.
"ಸತ್ತ ಹುಳದಲ್ಲೂ ಲಾಭ ಹುಡುಕೋಳು" ಅಂದರು ಕೆಲವರು.
ಎರಡೂ ಪೂರ್ತಿ ಸರಿ ಇರಲಿಲ್ಲ.
ಎರಡನೆಯದು ಹತ್ತಿರ.

ಎಲೆಕ್ಷನ್ ಬಂತು. ದ್ಯಾವಪ್ಪನ ಹುಡುಗರು ಕುಕ್ಕರ್ ತಂದರು,
ಮೂರು ಲೀಟರಿನದು, ಸೀಟಿ ಸಮೇತ.
ಬಾಗಿಲಲ್ಲೇ ಭಾಗಾಕಾರ ಮಾಡಿದೆ:
ಸಾವಿರದ ನೂರು ರೂಪಾಯಿ, ಐದು ವರ್ಷ,
ದಿನಕ್ಕೆ ಅರವತ್ತು ಪೈಸೆ.
ಅಷ್ಟಕ್ಕೆ ನನ್ನ ಬೇಸಿನ್ ಹುಡುಗಿ ಒಂದು ಗೂಡೂ ಬಿಚ್ಚಲ್ಲ.
"ಕಡಿಮೆ ಆಯ್ತಲ್ಲಪ್ಪಾ" ಅಂದೆ.
ಪಾಪ, ಅವರು ಚೀಲದಿಂದ ಸೀರೆಯನ್ನೂ ತೆಗೆದರು.

ಇಲ್ಲಿಗೆ ನಿಲ್ಲಿಸಿದರೆ ಜಾಣೆ ಅನ್ನಿಸಿಕೊಳ್ತೀನಿ.
ಇನ್ನೂ ಸ್ವಲ್ಪ ಇದೆ.

ಹುಳಕ್ಕೆ ರೇಟಿದೆ ಅನ್ನೋದು ನಮ್ಮ ಸಂದಿಗೆ ತಿಳಿದದ್ದು
ಎರಡು ತಿಂಗಳು ತಡವಾಗಿ.
ಅಷ್ಟು ದಿನ ಉಳಿದ ಮನೆಗಳ ಹುಳ ಎಂದಿನಂತೆ ತೇಲಿ
ಕೆಳಗೆ ಆಂಜಿನಮ್ಮನ ಅಂಗಳದಲ್ಲಿ ಕೊಳೀತು.
ಅವಳಿಗೆ ಬೇಸಿನ್ನೇ ಇಲ್ಲ, ಇಡ್ಲಿ ಮಾರೋಳು.
ವಾಸನೆಗೆ ಗಿರಾಕಿಗಳು ಬೇರೆ ಬೀದಿ ಹಿಡಿದರು.
ನನ್ನ ಲೆಕ್ಕದ ಪುಸ್ತಕದಲ್ಲಿ
ಅವಳ ಅಂಗಳಕ್ಕೆ ಒಂದು ಗೆರೆಯೂ ಇರಲಿಲ್ಲ.

"ವಿಷಯ ಗುಟ್ಟಾಗಿ ಉಳಿಯಿತು" ಅಂತ
ಈ ಜಾಗದಲ್ಲಿ ಬರೆದಿದ್ದೆ ಮೊದಲು.
ಅದರ ಮೇಲೆ ಗೀಟೆಳೆದಿದೀನಿ, ಕೆಂಪಿನಲ್ಲಿ.
ಗುಟ್ಟಾಗಿ ಇಟ್ಟಿದ್ದು ನಾನು.