ತತ್ತಿ ಲೆಕ್ಕ

ಬೆಟಗೇರಿ, ಮಗ್ಗದ ಓಣಿ, ಅಂಗನವಾಡಿ.
ನಾನು ಅಲ್ಲಿ ಟೀಚರು. ಬರಿಯೋದು ನನ್ನ ಕೆಲಸ:
ತೂಕ, ಎತ್ತರ, ರಕ್ತ, ಬ್ಯಾಳಿ, ಬೆಲ್ಲ, ತತ್ತಿ.

ಶ್ರಾವಣದಾಗ ಹೊಂಬಳ ಸಾಹೇಬ್ರು ಬಂದ್ರು.
ಪಾತೇಲಿ ಮುಚ್ಚಳ ತಗದು ನೋಡಿದ್ರು,
ಕುದಿಯೋ ನೀರಾಗ ಒಂದಕ್ಕೊಂದು ಬಡೀತಿದ್ದುವು.
"ಇದರೊಳಗೂ ಜೀವ ಐತಲ್ಲವ್ವಾ,
ಬಸುರಿ ಬಾಯಾಗ ಪಾಪ ಇಡತಿಯೇನು?"
ಮರುದಿನದಿಂದ ತತ್ತಿ ಬಂದ್.
ಬದಲಿಗೆ ಬಾಳೆಹಣ್ಣು. ಬಾಳೆಹಣ್ಣಿನ ಬಿಲ್ಲು
ಇನ್ನೂ ಆಫೀಸಿನ್ಯಾಗ ಹಣ್ಣಾಗಾಕತ್ತೈತಿ.

ಕಸ್ತೂರೆವ್ವಗ ಏಳು ತಿಂಗಳು. ರಕ್ತ ಆರೂ ಮುಕ್ಕಾಲು.
ಪವರ್‌ಲೂಮಿನ ಮುಂದ ನಿಂತು ನಿಂತು
ಕಾಲು ಬಾತು ಚಪ್ಪಲಿ ಹಿಡಿಸವಲ್ಲವು.

ಮೊನ್ನಿ ಸಭಾದಾಗ ಅದ ಸಾಹೇಬ್ರು ಮೈಕ್ ಹಿಡಿದ್ರು.
"ಹೊಟ್ಯಾಗಿನ ಕೂಸು ಮಾತಾಡಂಗಿಲ್ಲ,
ಅದರ ಪರವಾಗಿ ನಾ ಮಾತಾಡತೀನಿ."
ಖರೇ, ಚಲೋ ಮಾತಾಡಿದ್ರು. ಕಣ್ಣೀರೂ ಬಂತು ಅವರಿಗೆ.
ಕಸ್ತೂರೆವ್ವ ನೆಲದ ಮ್ಯಾಲೆ ಕುಂತಿದ್ಲು,
ಕುರ್ಚಿ ಎಲ್ಲಾ ಬ್ಯಾಡ್ಜಿನವರಿಗೆ.
ದವಾಖಾನ್ಯಾಗ ಕೂಸು ಬೆಚ್ಚಗಿಡೋ ಹೊಸಾ ಪೆಟಗಿ
ಪ್ಲಾಸ್ಟಿಕ್ ಹೊತಗೊಂಡು ಕುಂತು ಮೂರು ತಿಂಗಳಾತು,
ರಿಬ್ಬನ್ ಕತ್ತರಿಸಾಕ ಸಾಹೇಬ್ರ ಡೇಟು ಸಿಕ್ಕಿಲ್ಲ.
ಹಳೇದರಾಗ ಎರಡೆರಡು ಮಲಗಸ್ತಾರ,
ಒಂದರ ಕಾಲು ಇನ್ನೊಂದರ ಕಿವಿಗೆ.

ನಾ ಚಪ್ಪಾಳಿ ಹೊಡದೆ. ಎಲ್ಲಾರಗಿಂತ ಜೋರಾಗಿ.

ಯಾಕಂದ್ರ ಹತ್ತೊಂಬತ್ತು ವರ್ಷದ ಹಿಂದ
ಮೂರನೇದು ನಿಂತಾಗ
ಹುಬ್ಬಳ್ಳಿ ಬಸ್ಸು ಹತ್ತಿದ್ದೆ, ಒಬ್ಬಾಕಿನ.
ಮನ್ಯಾಗ ಟ್ರೇನಿಂಗ್ ಅಂದಿದ್ದೆ, ಕೈಯಾಗ ಬುತ್ತಿ ಚೀಲ.
ಹೊಳ್ಳಿ ಬರುವಾಗ ಅಣ್ಣಿಗೇರಿ ದಾಟಿದ ಮ್ಯಾಲೆ
ಬುತ್ತಿ ಬಿಚ್ಚಿ ಉಂಡೆ. ಹಸಿವಾಗಿತ್ತು.
ಯಾರ ಮುಂದೂ ಅದನ್ನ ಹೇಳಿಲ್ಲ,
ಹಸಿವಾಗಿದ್ದು ಸುದ್ಧಾ.

ಸಾಹೇಬ್ರಿಗೆ ಬೈಬೇಕಂತ ಕುಂತರ
ನಾಲಿಗಿ ಆ ರೊಟ್ಟಿ ಚೂರಿಗೇ ತಡವಿಕೊಂತೈತಿ.

ಇವತ್ತ ನಸಿಕಿನ್ಯಾಗ ಎರಡು ತತ್ತಿ ಕುದಿಸಿ
ಸೆರಗಿನ್ಯಾಗ ಗಂಟು ಕಟ್ಟಿ ಒಯ್ದೆ.
ಮಗ್ಗದ ಸದ್ದಿನ್ಯಾಗ ಕಸ್ತೂರೆವ್ವ ಒಂದು ತಿಂದ್ಲು,
ಇನ್ನೊಂದು ಹೊಟ್ಟಿ ಮ್ಯಾಲೆ ಇಟಗೊಂಡು
"ಬೆಚ್ಚಗೈತ್ರಿ ಟೀಚರ" ಅಂದ್ಲು, ನಕ್ಕೊಂತ.
ಸಿಪ್ಪಿ ನಾನ ಆರಿಸಿದೆ, ಒಂದು ಚೂರೂ ಬಿಡದಂಗ.
ವಹಿ ತಗದೆ, ತಾರೀಖು ಹಾಕಿದೆ,
ಅಕಿ ಹೆಸರಿನ ಮುಂದ ಬರದೆ:
ಬಾಳೆಹಣ್ಣು, ಒಂದು.

ಸಹಿ ಮಾಡುವಾಗ ಕೈ ನಡಗಲಿಲ್ಲ.