ರೆಂಡಿಟ್ಟ

ಬೆರಳು ಸುಡದೇ ಹೋದಾಗ ನನಗೆ ಹೆಮ್ಮೆ.
ಮೂವತ್ತು ವರ್ಷ ಕುದಿನೀರಿನ ಬೇಸಿನ್ನಲ್ಲಿ ಕೈಯಾಡಿಸಿ
ಗೂಡಿನಿಂದ ಎಳೆ ಹೆಕ್ಕಿದವಳು,
ಕೈ ಪಳಗಿದೆ ಅಂದುಕೊಂಡೆ.
ಪಾದಕ್ಕೂ ಜೋಮು ಹಿಡಿದಾಗ
ಒದ್ದೆ ನೆಲದಲ್ಲಿ ನಿಂತ ಪಾದವಲ್ಲವೇ,
ಅದೂ ಪಳಗಿರಬೇಕು.

ಸಕ್ಕರೆ ಕಾಯಿಲೆ ಅಂದರೆ ನೆಂಟರಿದ್ದ ಹಾಗೆ:
ಬಾಯಿ ಒಣಗಿದರೆ ಬಂದಿದ್ದಾರೆ,
ಇಲ್ಲವಾದರೆ ಊರಲ್ಲಿಲ್ಲ.
ಇಲ್ಲದವರಿಗೆ ಮಾತ್ರೆ ಯಾಕೆ ಬಡಿಸಲಿ?
ಮಿಕ್ಕದ್ದು ಡಬ್ಬಿಯಲ್ಲಿ, ಏಲಕ್ಕಿ ಪಕ್ಕ.
ಅತ್ತೆ ಹೇಳಿದ್ದರು, ಇದು ಚಿಂತೆಯಿಂದ ಬರುವುದಂತೆ.
ಚಿಂತೆಗೆಂಥ ಮಾತ್ರೆ?

ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆಗೆ ಹೋಗುವ ಮುಂಚೆ
ಎರಡು ದಿನ ಅನ್ನ ಬಿಟ್ಟೆ, ಹಾಗಲಕಾಯಿ ರಸ ಕುಡಿದೆ.
ಚೀಟಿಯಲ್ಲಿ ಹನ್ನೊಂದು ಪಾಯಿಂಟ್ ಎರಡು.
"ಹೋದ ಸಲ ಮುನ್ನೂರಿತ್ತು,
ನೋಡಿ, ಹನ್ನೊಂದಕ್ಕೆ ಇಳಿಸಿದ್ದೀನಿ!"

ಸಿಸ್ಟರ್ ಅಮರಾವತಿ ನಗಲಿಲ್ಲ.
ಅವಳಮ್ಮನೂ ನಮ್ಮ ಬೀದಿಯಲ್ಲೇ ನೂಲು ತೆಗೆದವಳು.
"ಮಾರ್ಕೆಟ್ಟಲ್ಲಿ ಮೇಲುಮೇಲೆ ಒಳ್ಳೆ ಗೂಡು ಹರಡಿದ್ದರೆ
ಏನು ಮಾಡ್ತೀರ, ಮುಬೀನಾಬಿ?"
ತಳಕ್ಕೆ ಕೈ ಹಾಕ್ತೀನಿ.
"ಇದು ತಳಕ್ಕೆ ಕೈ ಹಾಕುವ ಪರೀಕ್ಷೆ.
ಮುನ್ನೂರು ಅನ್ನೋದು ಅವತ್ತೊಂದು ದಿನದ ದರ.
ಇದು ರೆಂಡಿಟ್ಟ ಇದ್ದ ಹಾಗೆ, ಮೂರು ತಿಂಗಳ ಲಾಟಿನದು.
ಎಷ್ಟು ಕೇಜಿ ಗೂಡಿಗೆ ಒಂದು ಕೇಜಿ ನೂಲು?
ಏಳಕ್ಕೆ ಒಂದು ಬಂದರೆ ಸೈ.
ನಿಮ್ಮದು ಹನ್ನೊಂದು."

ಹನ್ನೊಂದು ಕೇಜಿ ಸುರಿದು ಒಂದೇ ಕೇಜಿ!
ಅಂಥ ಲಾಟು ನಮ್ಮ ಮಾವ ಒಮ್ಮೆ ತಂದಿದ್ದರು.
ಆ ವರ್ಷ ನನ್ನ ಬಳೆ ಹೋಯಿತು.
ಹತ್ತು ವರ್ಷದಿಂದ ಡಾಕ್ಟರು ಹೇಳಿ ಹೇಳಿ ತಲೆಗೆ ಹೋಗದ್ದು
ಬರಿದಾದ ಈ ಮಣಿಕಟ್ಟಿಗೆ ಹೋಯಿತು.

ಆಮೇಲೆ ಅವಳು ಒಂದು ನೈಲಾನ್ ಎಳೆ ತೆಗೆದಳು.
ಕಣ್ಣು ಮುಚ್ಚಿ, ಪಾದಕ್ಕೆ ತಗುಲಿದಾಗ ಹೂಂ ಅನ್ನಿ.
ಎಳೆ ಅಂದರೆ ನಾನಲ್ಲವೇ?
ಹಬೆಯೊಳಗೆ ಕಣ್ಣಿಗೆ ಕಾಣದ್ದೂ
ನನ್ನ ಬೆರಳಿಗೆ ಸಿಕ್ಕದೆ ಹೋದದ್ದಿಲ್ಲ.
ಕಣ್ಣು ಮುಚ್ಚಿ ಕಾದೆ.
ಹೊರಗೊಂದು ಆಟೋ ಹಾದುಹೋಯಿತು.
ಯಾರದೋ ಮಗು ಕೆಮ್ಮಿತು.
ಮಾತ್ರೆ ಕೌಂಟರಿನಲ್ಲಿ ಯಾರದೋ ಹೆಸರು ಎರಡು ಸಲ ಕೂಗಿದರು.
"ಶುರು ಮಾಡಮ್ಮ," ಅಂದೆ.

ಅವಳು ಮಾತಾಡಲಿಲ್ಲ.
ಕಣ್ಣು ಬಿಟ್ಟು ನೋಡಿದರೆ
ಎಳೆ ನನ್ನ ಹೆಬ್ಬೆರಳ ಮೇಲೆ
ಬಾಗಿ ನಿಂತಿತ್ತು.