ಅಡ್ವಾನ್ಸ್ ವಾಪಸ್ ಇಲ್ಲ

ಬೀರೂರಿನ ನನ್ನ ಛತ್ರಕ್ಕೆ
ವರ್ಷಕ್ಕೆ ಐವತ್ತೇ ದಿನ ಜೀವ.
ಆಷಾಢಕ್ಕೆ ಬೀಗ, ಧನುರ್ಮಾಸಕ್ಕೆ ಸುಣ್ಣ,
ಮಿಕ್ಕಂತೆ ಪಂಚಾಂಗ ನೋಡಿಯೇ ಸಾಲದ ಕಂತು.
ಡೀಸೆಲ್ ಬೇರೆ, ಕಸ ಬೇರೆ,
ಕಳೆದ ಸೌಟಿಗೆ ನೂರೈವತ್ತು.

ಚಿ|| ರಾ||, ಚಿ|| ಸೌ||
ಥರ್ಮಾಕೋಲಿನ ಈ ನಾಲ್ಕಕ್ಷರ
ಹೆಬ್ಬಾಗಿಲಿಗೆ ಕಾಯಂ ಮೊಳೆ ಹೊಡೆಸಿದ್ದೇನೆ;
ಹೆಸರಷ್ಟೇ ಬದಲು.
ಲಾಭ ಇಂಥದ್ದರಲ್ಲೇ ಹುಟ್ಟಬೇಕು.

ಮೊನ್ನೆ, ಚಪ್ಪರಕ್ಕೆ ಗರಿ ಹೊದಿಸಿಯಾದ ಮೇಲೆ,
ತರೀಕೆರೆಯ ಹುಡುಗಿ ಒಲ್ಲೆ ಅಂದಳಂತೆ.
ಅವಳಪ್ಪ ಸಿದ್ಧರಾಮಣ್ಣ
ಆಫೀಸಿನ ಹೊಸ್ತಿಲಾಚೆಯೇ ನಿಂತರು.
ನಾನು ರಸೀದಿ ಮಗುಚಿ
ಬೆನ್ನಿನ ಸಣ್ಣಕ್ಷರಕ್ಕೆ ಬೆರಳಿಟ್ಟೆ.
"ದುಡ್ಡಿಗೆ ಬಂದಿಲ್ಲ ಕಣಮ್ಮ,
ಅವಳ ಹೆಸರು ಇಳಿಸಿಕೊಡಿ,
ಮುರೀಬಾರದು."

ಹುಡುಗರೆಲ್ಲ ಪಾತ್ರೆ ಎಣಿಸುತ್ತಿದ್ದರು. ನಾನೇ ಏಣಿ ಹತ್ತಿದೆ.
ಉ ಸಲೀಸಾಗಿ ಬಂತು.
ಜ್ವ-ದ ಒತ್ತು ಮೊಳೆಗೆ ಕಚ್ಚಿಕೊಂಡಿತ್ತು,
ಉಗುರಿನಲ್ಲಿ ಬಿಡಿಸಿದೆ.
ಕೆಳಗೆ ಅವರು ಎರಡೂ ಕೈ ಚಾಚಿ
ಲಾ ಹಿಡಿದುಕೊಂಡರು.

ಊಟದ ಟೇಬಲಿನ ಪೇಪರು
ಎರಡು ಮಾರು ಹರಿದು ಸುತ್ತಿಕೊಟ್ಟೆ.
ಅದನ್ನು ಬಿಲ್ಲಿಗೆ ಹಿಡಿದಿಲ್ಲ.
ಅಡ್ವಾನ್ಸ್ ಹಿಡಿದೆ.

ಬಾಗಿಲ ಮೇಲೆ ಚಿ|| ಸೌ||,
ಪಕ್ಕದಲ್ಲಿ ಮೂರು ಮೊಳೆ.
ಭಾನುವಾರದವರ ಫೋನು:
"ರೈಲಿನ ಸದ್ದು ಮುಹೂರ್ತಕ್ಕೆ ಅಡ್ಡ ಬರುತ್ತಾ?"